ಬಿಸಿಲಿಗೆ ಸೋಲದ ಪರದೆ

ಮಹಾನಂದಾ ಸಿಂದಗಿ ಕಡೆಯವಳು. ಬೆಂಗಳೂರಿಗೆ ಬಂದ ಹೊಸತರಲ್ಲಿ ಎರಡು ವರ್ಷ ಇಟ್ಟಿಗೆ ಹೊತ್ತಳು. ಆಮೇಲೆ ಪೀಣ್ಯದಲ್ಲಿ ಮುನಿರಾಜು ಅನ್ನುವವರ ಎಲ್ಇಡಿ ಪರದೆ ಜೋಡಿಸುವ ಸಣ್ಣ ಕಾರ್ಖಾನೆ ಸೇರಿದಳು. ಬಾಗಲಗುಂಟೆಯ ವಠಾರದವರ ಬಾಯಲ್ಲಿ ಅವಳು ಇಂದಿಗೂ 'ಬಲ್ಬ್ ಫ್ಯಾಕ್ಟರಿ ಮಹಾನಂದಾ'.

ಆ ಭಾನುವಾರ ಬಡಾವಣೆಯ ರಾಜ್ಯೋತ್ಸವ. ಅವಳ ಅತ್ತೆ ಮುದುಕವ್ವ ಬೀಸುಕಲ್ಲಿನ ಪದ ಹಾಡುವವಳಿದ್ದಳು. ಊರು ಬಿಟ್ಟ ಮೇಲೆ ಮುದುಕಿ ಜನರ ಮುಂದೆ ಬಾಯಿ ಬಿಡುತ್ತಿದ್ದದ್ದು ಇದೇ ಮೊದಲು. ಆಳು ಗಿಡ್ಡ, ಹಿಂದಿನ ಸಾಲಿಗೆ ಸೆರಗೂ ಕಾಣುವಂತಿರಲಿಲ್ಲ.

ಹಿಂದಿನವರಿಗಾಗಿಯೇ ಬಡಾವಣೆಯ ಹಿರಿಯ ಚಿನ್ನಪ್ಪ ಯಾವಾಗಿನಂತೆ ವೇದಿಕೆಯ ಚಿತ್ರ ಹಿಡಿಯಲು ಒಬ್ಬ ಕ್ಯಾಮೆರಾದವನನ್ನೂ ಅದನ್ನು ದೊಡ್ಡದಾಗಿ ತೋರಿಸಲು ಪ್ರೊಜೆಕ್ಟರನ್ನೂ ಕರೆಸಿದ್ದ. ಪ್ರತಿವರ್ಷ ಕಾರ್ಯಕ್ರಮ ಕತ್ತಲಾದ ಮೇಲೆ ನಡೆಯುತ್ತಿತ್ತು, ಈ ಸಲ ಮಧ್ಯಾಹ್ನ ಮೂರಕ್ಕೇ. ಬಿಳಿ ಬಟ್ಟೆಯ ಮೇಲೆ ಏನೇನೂ ಕಾಣಲಿಲ್ಲ.

"ಏನಮ್ಮ ಇದು, ಮಿಷನ್ ಕೆಟ್ಟೋಯ್ತಾ?" ಚಿನ್ನಪ್ಪ ಮಹಾನಂದಾಳನ್ನು ಕೇಳಿದ.

"ಕೆಟ್ಟಿಲ್ರಿ. ಅದು ಬಟ್ಟಿ ಮ್ಯಾಲೆ ಬೆಳಕು ಚೆಲ್ತೈತಿ, ಸೂರ್ಯಾನೂ ಅದರ ಮ್ಯಾಲೇ ಚೆಲ್ತಾನ. ಸೂರ್ಯಾನ ಮುಂದ ಯಾರ ಆಟ ನಡೀತೈತ್ರಿ? ನಮ್ಮ ಫ್ಯಾಕ್ಟರಿ ಪರದೆ ಹಂಗಲ್ರಿ, ಬಲ್ಬಿನಂಗ ತಾನೇ ಉರೀತೈತಿ."

ಅವಳು ಮುನಿರಾಜುಗೆ ಫೋನ್ ಮಾಡಿದಳು. ಪರೀಕ್ಷೆಗೆಂದು ಜೋಡಿಸಿಟ್ಟ ಹನ್ನೆರಡು ಪ್ಯಾನೆಲ್‌ಗಳು, ಅಂದರೆ ಪರದೆಯ ತುಂಡುಗಳು, ಕಾರ್ಖಾನೆಯಲ್ಲೇ ಇದ್ದವು. "ತಗೊಂಡ್ಹೋಗಮ್ಮ, ಒಂದಕ್ಕೂ ಗೀರು ಬೀಳಬಾರ್ದು ಅಷ್ಟೆ," ಅಂದರು ಅವರು.

ಮುಕ್ಕಾಲು ಗಂಟೆಯಲ್ಲಿ ಲಗೇಜ್ ಆಟೋ ಬಂತು. ಸ್ಟ್ಯಾಂಡು ನಿಲ್ಲಿಸಿ, ನಾಲ್ಕು ನಾಲ್ಕರಂತೆ ಮೂರು ಸಾಲು ಪ್ಯಾನೆಲ್ ಕೂರಿಸಿ, ಒಂದರಿಂದ ಒಂದಕ್ಕೆ ಕೇಬಲ್ ಸಿಕ್ಕಿಸಿದಳು. ವೇದಿಕೆಯಲ್ಲಿ ಭಾಷಣ ಮಾಡುತ್ತಿದ್ದವರ ಚಿತ್ರ ಬಿಸಿಲಲ್ಲೂ ನಿಚ್ಚಳವಾಗಿ ಮೂಡಿತು. ಆದರೆ ತಲೆ ಕೆಳಗಿನ ಸಾಲಿನಲ್ಲಿ, ಚಪ್ಪಲಿ ಮೇಲಿನ ಸಾಲಿನಲ್ಲಿ. ಮೈದಾನವೆಲ್ಲ ಹೋ ಎಂದು ನಕ್ಕಿತು. ಅವಳ ಕಿವಿ ಬಿಸಿಯಾಯಿತು.

ಮುಂದಿನ ಸರದಿ ಅತ್ತೆಯದು. ಮಹಾನಂದಾ ಪರದೆಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಯೋಚಿಸಿದಳು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಕೈಯಿಂದ ಕೈಗೆ ದಾಟುವ ಹಾಗೆ ಚಿತ್ರವೂ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ದಾಟುತ್ತದೆ. ಮೊದಲನೆಯವನಿಗೆ ಕೊಡಬೇಕಾದ್ದನ್ನು ಕಡೆಯವನ ಕೈಗೆ ಕೊಟ್ಟರೆ ಇನ್ನೇನಾದೀತು? ಗಡಿಬಿಡಿಯಲ್ಲಿ ಮುಖ್ಯ ಕೇಬಲನ್ನು ತುದಿಯ ಪ್ಯಾನೆಲ್‌ಗೆ ಸಿಕ್ಕಿಸಿದ್ದಳು. ಎಲ್ಲ ಕೇಬಲನ್ನೂ ಸರಿಯಾದ ದಿಕ್ಕಿಗೆ ತಿರುಗಿಸಿ ಹಾಕಿದಳು.

ಮುದುಕವ್ವ ಮೈಕ್ ಹಿಡಿದಾಗ ಅವಳ ಮುಖ ಆರಡಿ ಎತ್ತರ ಮೂಡಿತು. ಹಾಡಿನ ಮೂರನೇ ನುಡಿಗೆ ಹಿಂದಿನ ಸಾಲಿನ ಹೆಂಗಸರು ದನಿಗೂಡಿಸಿದರು. ಅವರೂ ಸಿಂದಗಿ ಕಡೆಯವರೇ. ಮಹಾನಂದಾಳಿಗೆ ಕಣ್ಣು ತುಂಬಿ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಕ್ಯಾಮೆರಾದವನು ಆ ಹಾಡನ್ನೇ ಮತ್ತೆ ಹಾಕಿದ. ಮುದುಕವ್ವ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಎಲ್ಲಿ ಅದೀನಿ ನಾ? ಬರೇ ಕೆಂಪು, ಹಸರು, ನೀಲಿ ಚುಕ್ಕಿ ಕಾಣಾಕತ್ಯಾವ."

"ಆ ಮೂರು ಬಣ್ಣದಾಗ ಎಲ್ಲಾ ಬಣ್ಣ ಅದಾವ, ಅತ್ತಿ. ದೂರದಿಂದ ನೋಡಿದ್ರ ಕಣ್ಣೇ ಕೂಡಿಸಿಕೊಳ್ತೈತಿ," ಎಂದು ಮಹಾನಂದಾ ಅವಳ ಕೈ ಹಿಡಿದು ಹಿಂದೆ ಹಿಂದೆ ಕರೆದೊಯ್ದಳು. ಹತ್ತನೇ ಹೆಜ್ಜೆಗೆ ಮುದುಕಿ ನಿಂತಳು.

"ನನ್ನ ಮೂಗುತಿ ಇಷ್ಟು ಚಂದ ಐತೇನು?" ಅಂದಳು ಮೆಲ್ಲಗೆ.

ಹಾಡನ್ನು ಮೂರು ಸಲ ನೋಡಿದಳು. ನಾಲ್ಕನೇ ಸಲಕ್ಕೆ ಚಿನ್ನಪ್ಪನೇ ಕುರ್ಚಿ ತಂದು ಹಾಕಿ, ತಾನೂ ಪಕ್ಕದಲ್ಲಿ ಕೂತ.