ಬೆಡ್‌ಶೀಟಿನ ಇನ್ನೊಂದು ತುದಿ

ಅಂಗಳದಲ್ಲಿ ಮಲಗಿಸಿದ್ದ ದೊಡ್ಡಕ್ಕನ ಶವದ ಮೇಲೆ ಹೊದಿಸಿದ್ದ ಬೆಡ್‌ಶೀಟಿನ ಅಂಚನ್ನು ಕಡ್ಡಿ ಎಳೆದೆಳೆದು ನೇರ ಮಾಡುತ್ತಿದ್ದಳು. ಸುಕ್ಕು ಕಂಡರೆ ಸತ್ತವಳಿಗೆ ಆಗುತ್ತಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಬ್ಬರೂ ಹನ್ನೊಂದು ವರ್ಷ ಎದುರುಬದುರು ನಿಂತು ಬೆಡ್‌ಶೀಟು ಮಡಿಸಿದವರು. ನಾಲ್ಕು ತುದಿಗೆ ನಾಲ್ಕು ಕೈ. ಒಬ್ಬಳು ಹೆಜ್ಜೆ ಮುಂದಿಟ್ಟು ತನ್ನ ತುದಿಗಳನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಆ ಹೆಜ್ಜೆ ಯಾವಾಗಲೂ ಕಡ್ಡಿಯದು. ದೊಡ್ಡಕ್ಕನ ಮಂಡಿ ಅಷ್ಟಕ್ಕಷ್ಟೆ. ಸಣಕಲು ಮೈ ನೋಡಿ ಕಡ್ಡಿ ಎಂಬ ಹೆಸರನ್ನು ಇಟ್ಟವಳೂ ಅವಳೇ.

ನೆರೆಮನೆಯವರು ಆಗಲೇ ತೀರ್ಪು ಕೊಟ್ಟಾಗಿತ್ತು. ಅಷ್ಟು ಜ್ವರ ಇಟ್ಟುಕೊಂಡು ಕೆಲಸಕ್ಕೆ ಯಾಕೆ ಹೋಗಬೇಕಿತ್ತು, ಎಲ್ಲ ದುಡ್ಡಿನ ಆಸೆ ಅಂದರು. ಸತ್ತವಳು ಎದ್ದು ಉತ್ತರ ಕೊಡುವುದಿಲ್ಲವಲ್ಲ, ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ.

ದೊಡ್ಡಕ್ಕನ ಮಗಳು ಬಂದು ಕಡ್ಡಿಯ ಪಕ್ಕದಲ್ಲಿ ಕೂತಳು.

"ಚಿಕ್ಕಮ್ಮ, ನಿನ್ನೆ ಬೆಳಿಗ್ಗೆ ನಾನು ಬಾಗಿಲಿಗೆ ಅಡ್ಡ ನಿಂತೆ. ಅಮ್ಮ ಏನಂದ್ಲು ಗೊತ್ತಾ? 'ನಾನು ಹೋಗ್ದೇ ಇದ್ರೆ ಕಡ್ಡಿ ಕೆಲಸ ಹೋಗತ್ತೆ' ಅಂದ್ಲು."

ಕಡ್ಡಿಯ ಕೈ ಬೆಡ್‌ಶೀಟಿನ ಮೇಲೆಯೇ ನಿಂತಿತು.

*

ನಿಯಮ ಲಾಂಡ್ರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಜೋಡಿಯಲ್ಲಿ ಒಬ್ಬರು ಬರದಿದ್ದರೆ ಇಬ್ಬರಿಗೂ ಗೈರು. ಮೂರು ಗೈರಾದರೆ ಇಬ್ಬರಿಗೂ ಕೆಲಸ ಇಲ್ಲ. ಬರೆದ ಮಹಾನುಭಾವ ಜನ್ಮದಲ್ಲಿ ಒಂದು ಕರ್ಚೀಫನ್ನೂ ಮಡಿಸಿದವನಲ್ಲ. ಕಡ್ಡಿಯ ಕಾಲು ಉಳುಕಿದಾಗ ಒಂದು, ದೊಡ್ಡಕ್ಕನ ಮಗಳ ಹೆರಿಗೆಯ ದಿನ ಇನ್ನೊಂದು, ಹೀಗೆ ಎರಡು ಆಗಿಹೋಗಿದ್ದವು.

ಹಿಂದಿನ ದಿನ, ಬುಧವಾರ, ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಬರುತ್ತಿದ್ದ ಬೆಡ್‌ಶೀಟು ಹಿಡಿಯುವಾಗ ದೊಡ್ಡಕ್ಕನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಮೈ ಸರಿಯಿಲ್ಲವೇ ಎಂದು ಕಡ್ಡಿ ಕೇಳಿದರೆ, ಈ ಹಬೆಯಲ್ಲಿ ಯಾರ ಮೈ ತಣ್ಣಗಿದೆ ಎಂದು ನಕ್ಕುಬಿಟ್ಟಳು. ಕಡ್ಡಿ ಮತ್ತೆ ಕೇಳಲಿಲ್ಲ. ಕೇಳಿದರೆ ತನ್ನ ಗುಟ್ಟೂ ರಟ್ಟಾಗುತ್ತಿತ್ತು. ಅವಳಿಗೂ ಎರಡು ದಿನದಿಂದ ಜ್ವರ. ಈ ವಯಸ್ಸಿನಲ್ಲಿ ದೊಡ್ಡಕ್ಕನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ ಎಂದು ಮಾತ್ರೆ ನುಂಗಿ ಬಂದಿದ್ದಳು.

ಮಧ್ಯಾಹ್ನ ಮೂರೂವರೆಗೆ ಕಡ್ಡಿ ಹೆಜ್ಜೆ ಮುಂದಿಟ್ಟಾಗ ಎದುರಿಗೆ ಕೈ ಇರಲಿಲ್ಲ. ದೊಡ್ಡಕ್ಕ ನೆಲದ ಮೇಲಿದ್ದಳು. ಗೋಡೆಯ ಆಚೆ ಮುನ್ನೂರು ಹಾಸಿಗೆಗಳಿದ್ದವು. ಅದರಲ್ಲೊಂದರ ಮೇಲೆ ಅವಳನ್ನು ಮಲಗಿಸುವಷ್ಟರಲ್ಲಿ ಉಸಿರು ಹೋಗಿತ್ತು.

*

"ನಂಗೂ ಜ್ವರ ಇತ್ತು ಕಣೇ," ಎಂದಳು ಕಡ್ಡಿ. "ನಿಮ್ಮಮ್ಮನ ಕೆಲಸ ಹೋಗ್ಬಾರ್ದು ಅಂತ ಬಂದೆ. ಇಬ್ರಲ್ಲಿ ಒಬ್ಳು ಇನ್ನೊಬ್ಳಿಗೆ ಫೋನ್ ಮಾಡಿ ಹೇಳಿದ್ರೆ ಸಾಕಿತ್ತು. ಕೆಲಸ ಹೋಗ್ತಿತ್ತು, ಹಾಳಾಗ್ಲಿ. ಇಬ್ರೂ ಮನೇಲಿ ಬಿದ್ಕೊಂಡಿರ್ತಿದ್ವಿ."

ಮಗಳು ಬೈಯಲಿಲ್ಲ. ಬೈದಿದ್ದರೆ ಕಡ್ಡಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಲಾಂಡ್ರಿಯ ಸೂಪರ್‌ವೈಸರ್ ಹೂ ಹಿಡಿದು ಬಂದ. ಇಂಥ ಕೆಲಸದವಳು ಇನ್ನು ಸಿಗುವುದಿಲ್ಲ, ಹುಷಾರಿಲ್ಲದಿದ್ದರೂ ತಪ್ಪಿಸಿಕೊಂಡವಳಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದ. ಅವನು ಬಗ್ಗಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಕಡ್ಡಿಯ ಕಿವಿಯಲ್ಲಿ ಹೇಳಿದ:

"ಇವತ್ತು ನಿಂಗೆ ಗೈರು ಹಾಕಿಲ್ಲ. ಮೇಲಿನೋರ ಹತ್ರ ನಾನೇ ಮಾತಾಡಿದೀನಿ."

ಶವವನ್ನು ಗಾಡಿಗೆ ಸಾಗಿಸಿದರು. ಮೇಲಿದ್ದ ಬೆಡ್‌ಶೀಟನ್ನು ಯಾರೋ ತೆಗೆದು ಬೆಂಚಿನ ಮೇಲೆ ಹಾಕಿದ್ದರು. ಕಡ್ಡಿ ಅದನ್ನು ಎತ್ತಿಕೊಂಡು ಎರಡು ತುದಿಗಳನ್ನು ಸೂಪರ್‌ವೈಸರ್ ಕೈಗೆ ತುರುಕಿದಳು. ಹಿಂದೆ ಸರಿದು ತನ್ನ ಎರಡು ತುದಿಗಳನ್ನು ಬಿಗಿಯಾಗಿ ಎಳೆದು ಹಿಡಿದಳು.

"ಮಡಿಸಿ ಸಾರ್."

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತೋಳೆತ್ತಿ ನಿಂತು, ಅವಳು ಬರಲಿ ಎಂದು ಕಾದ. ಕಡ್ಡಿ ಹೆಜ್ಜೆ ಮುಂದಿಡಲಿಲ್ಲ. ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಎತ್ತೋಣವೆಂದರೆ ಎರಡೂ ಕೈಯಲ್ಲಿ ಬೆಡ್‌ಶೀಟಿನ ತುದಿಗಳಿದ್ದವು.