ಪಾಸ್ಕ ಘೋಷಣೆಗೆ ಕಂಡಕ್ಟರಮ್ಮನ ಗಂಟಲು

ಕಂಡಕ್ಟರಮ್ಮ ಮೊದಲ ಸಲ ಚರ್ಚಿನೊಳಗೆ ಕಾಲಿಟ್ಟದ್ದು ದೇವರನ್ನು ಹುಡುಕಿಕೊಂಡಲ್ಲ, ಬೆನ್ನು ಆನಿಸಲು ಒಂದು ಬೆಂಚು ಹುಡುಕಿಕೊಂಡು. ಬಸ್ಸಿನ ಕೊನೆಯ ನಿಲ್ದಾಣ ಚರ್ಚಿನ ಗೇಟಿನ ಎದುರಿಗೇ ಇತ್ತು. ಎರಡು ಟ್ರಿಪ್ಪುಗಳ ನಡುವೆ ಟಿಕೆಟಿನ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತರೆ ಯಾರೂ ಚಿಲ್ಲರೆಗೆ ಜಗಳ ತೆಗೆಯುತ್ತಿರಲಿಲ್ಲ. ಆ ಪುಣ್ಯಾತ್ಗಿತ್ತಿಗೆ ಅಷ್ಟೇ ಸಾಕಿತ್ತು.

ಆ ವರ್ಷ ಈಸ್ಟರ್‌ಗೆ ಮುಂಚೆ ಸಂತರ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದ್ದನ್ನು ಕಂಡು, ಗೋಡೆಗೆ ಸುಣ್ಣ ಹೊಡೆಸುತ್ತಿದ್ದಾರೆ ಎಂದುಕೊಂಡಳು. ಶುಭ ಶುಕ್ರವಾರ ಬಂತು. ಶುಭದಿನಕ್ಕೆ ಬರಿಗೈಯಲ್ಲಿ ಹೋಗುವುದೇ ಎಂದು ಒಂದು ಡಬ್ಬಿ ಮಿಠಾಯಿ ತಂದು, ಬಾಗಿಲಲ್ಲಿ ನಿಂತು ಹಂಚಿದಳು. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ, ಉಪವಾಸದ ದಿನ. ಜನ ಕೈಯಲ್ಲಿ ಮಿಠಾಯಿ ಹಿಡಿದು ಮುಖಮುಖ ನೋಡಿಕೊಂಡರು. "ಇವಳಿಗೆ ಯಾರಾದ್ರೂ ಹೇಳ್ರಪ್ಪ," ಎಂದು ಪೀಠಕ್ಕೆ ಹೂ ಜೋಡಿಸುವ ಅಜ್ಜಿ ತಲೆ ತಲೆ ಚಚ್ಚಿಕೊಂಡಳು. ನಗು ತಡೆದುಕೊಂಡು ಹೇಳಿಕೊಟ್ಟವರು ಫಾದರ್.

ಕಲಿಯುತ್ತ ಕಲಿಯುತ್ತ ಅವಳಿಗೆ ಅದು ಹಿಡಿಸಿಬಿಟ್ಟಿತು. ಪವಿತ್ರ ಗುರುವಾರ ಫಾದರ್ ಮಂಡಿಯೂರಿ ಜನರ ಪಾದ ತೊಳೆಯುವುದನ್ನು ನೋಡಿದಾಗ, ದಿನವಿಡೀ ಕಂಡವರಿಂದ ಕಾಲು ತುಳಿಸಿಕೊಳ್ಳುವ ಅವಳಿಗೆ ಅಳು ಒತ್ತರಿಸಿ ಬಂತು. ಪ್ರತಿವರ್ಷ ಆ ಗುರುವಾರ ಸಂಜೆ ಪೀಠದ ಬಟ್ಟೆ, ಮೇಣದಬತ್ತಿಗಳನ್ನೆಲ್ಲ ತೆಗೆದು ಬೋಳು ಮಾಡುವುದು ಯಾಕೆಂದು, ತನ್ನ ತಾಯಿಯನ್ನು ಮಣ್ಣುಮಾಡಿ ಬಂದ ವರ್ಷ ಯಾರೂ ಹೇಳದೆಯೇ ಅರ್ಥವಾಯಿತು. ಮರುವರ್ಷ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯಲ್ಲಿ ದೀಕ್ಷಾಸ್ನಾನದ ನೀರು ಅವಳ ತಲೆಯ ಮೇಲೂ ಬಿತ್ತು. ಬೆಂಚು ಒರೆಸುವ ಗುಂಪಿಗೆ ಸೇರಿದಳು, ಹಾಡುವ ಗುಂಪಿಗೂ ಸೇರಿದಳು. ಆದರೂ ಊರ ಬಾಯಲ್ಲಿ ಅವಳು 'ಹೊಸಬಳು'. ಅಜ್ಜನ ಕಾಲದಿಂದ ಒಂದೇ ಬೆಂಚಿನಲ್ಲಿ ಕೂರುವವರಿಗೆ ಅವಳು ಬಂದದ್ದು ನಿನ್ನೆ ಮೊನ್ನೆ.

ಹೀಗಿರುವಾಗ ಒಂದು ವರ್ಷ, ಹಾಡುವ ಗುಂಪು ನಡೆಸುವ ಟೈಲರ್‌ಗೆ ಈಸ್ಟರ್ ಹೊತ್ತಿಗೇ ಗಂಟಲು ಕೈಕೊಟ್ಟಿತು. ಪಾಸ್ಕ ಘೋಷಣೆ ಹಾಡುವವರು ಯಾರು? ಕತ್ತಲ ಚರ್ಚಿನಲ್ಲಿ, ಹೊಸ ಬೆಂಕಿಯಿಂದ ಹಚ್ಚಿ ತಂದ ದೊಡ್ಡ ಬತ್ತಿಯ ಪಕ್ಕ ನಿಂತು, ಯೇಸು ಎದ್ದ ಸುದ್ದಿಯನ್ನು ಒಬ್ಬರೇ ಸಾರುವ ಉದ್ದನೆಯ ಹಾಡು ಅದು. ಟೈಲರ್ ಕಂಡಕ್ಟರಮ್ಮನತ್ತ ಬೆರಳು ತೋರಿಸಿದ.

"ಬಸ್ಸಲ್ಲಿ ಕೂಗೋ ಗಂಟಲು ಅದು," ಎಂದಳು ಹೂವಿನ ಅಜ್ಜಿ. "ಒಳಗ್ ಹೋಗಿ, ಒಳಗ್ ಹೋಗಿ ಅಂತ ಜನರನ್ನ ತಳ್ಳೋದಲ್ಲ ಇದು."

"ಅರ್ಧ ಗಂಟಲಲ್ಲಿ ಹಾಡಮ್ಮ," ಎಂದು ಟೈಲರ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಚೆನ್ನಾಗಿ ಹಾಡಿದ್ರೆ ನೀನು ನಮ್ಮವಳು. ಕೆಟ್ಟರೆ ಮಾತ್ರ ಸಾಯೋವರೆಗೂ ಹೊಸಬಳೇ."

ಅವಳು ಡಿಪೋದಲ್ಲಿ, ಖಾಲಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಅರ್ಧ ಗಂಟಲಲ್ಲೇ ತಾಲೀಮು ಮಾಡಿದಳು. ನಿದ್ದೆಯೂ ಅರ್ಧವಾಯಿತು.

ಶನಿವಾರ ಕತ್ತಲಾಯಿತು. ಅಂಗಳದಲ್ಲಿ ಬೆಂಕಿ ಹೊತ್ತಿತು, ದೊಡ್ಡ ಬತ್ತಿ ಒಳಗೆ ಬಂತು, ಅದರಿಂದ ಎಲ್ಲರ ಕೈಯ ಸಣ್ಣ ಬತ್ತಿಗಳು ಹತ್ತಿಕೊಂಡವು. ದೊಡ್ಡ ಬತ್ತಿಯ ಬೆಳಕು ಎತ್ತರದಲ್ಲೇ ಉಳಿದು ಪುಟಕ್ಕೆ ಇಳಿಯುತ್ತಿರಲಿಲ್ಲ; ಪುಸ್ತಕದ ಮಗ್ಗುಲಿಗೆ ಅಂಟಿಸಿದ್ದ ಒಂದು ಮೋಟು ಬತ್ತಿಯೇ ಕಂಡಕ್ಟರಮ್ಮನಿಗೆ ಬೆಳಕು. ಹಾಡು ಶುರುವಾಯಿತು. ಅರ್ಧ ಗಂಟಲಿನ ಹಾಡು ನಾಲ್ಕನೇ ಸಾಲಿನ ಬೆಂಚು ದಾಟಲಿಲ್ಲ. ಹಿಂದೆ ಕೆಮ್ಮು ಎದ್ದಿತು, ಯಾರೋ ಆಕಳಿಸಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸತ್ತವನು ಎದ್ದು ಬಂದಿದ್ದಾನೆ, ಅದನ್ನು ಪಿಸುಮಾತಿನಲ್ಲಿ ಹೇಳುವುದುಂಟೇ? ಎದೆ ತುಂಬ ಉಸಿರೆಳೆದು, ಇದ್ದಷ್ಟೂ ಗಂಟಲು ಬಿಟ್ಟಳು.

ಆ ಉಸಿರಿಗೆ ಮೋಟು ಬತ್ತಿ ಫಕ್ಕನೆ ಆರಿಹೋಯಿತು. ಅಕ್ಷರ ಮಾಯ, ಹಾಡು ಅಲ್ಲೇ ನಿಂತಿತು. ಆಯಿತು, ಕೆಟ್ಟೆ, ಎಂದುಕೊಂಡಳು. ಯಾರೋ ಲೈಟಿನ ಸ್ವಿಚ್ಚಿನತ್ತ ಓಡಿದರು.

"ಲೈಟು ಮುಟ್ಟಬೇಡ," ಎಂಬ ದನಿ ಮುಂದಿನ ಬೆಂಚಿನಿಂದ ಬಂತು. "ಲೈಟು ಹಚ್ಚೋ ಹೊತ್ತು ಇನ್ನೂ ಆಗಿಲ್ಲ."

ಹೂವಿನ ಅಜ್ಜಿ ಮಂಡಿ ಹಿಡಿದುಕೊಂಡು ಪೀಠದ ಮೆಟ್ಟಿಲು ಹತ್ತಿದಳು. ತನ್ನ ಬತ್ತಿಯನ್ನು ಪುಸ್ತಕದ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಕಂಡಕ್ಟರಮ್ಮನ ಬಾಯಿಗೂ ಬೆಂಕಿಗೂ ನಡುವೆ ಅಡ್ಡ ಇಟ್ಟಳು.

"ನಿಲ್ಲಿಸಿದ್ಯಾಕೆ? ಈಗ ಹಾಡ್ತಿದ್ಯಲ್ಲ, ಹಾಗೇ ಹಾಡು."

ಹಾಡಿದಳು. ಗೇಟಿನಾಚೆ ನಿಂತಿದ್ದ ಬಸ್ಸಿನ ಡ್ರೈವರ್ ಇಳಿದು ಬಂದು ಬಾಗಿಲಲ್ಲಿ ನಿಂತ. ಹಿಂದಿನ ಸಾಲಿನ ಕಿವಿ ಮಂದವಾದ ಮುದುಕರು ತಲೆ ಎತ್ತಿದರು. ಟೈಲರ್ ದನಿಯಿಲ್ಲದ ಬಾಯಲ್ಲಿ ಅಕ್ಷರ ಅಕ್ಷರವನ್ನೂ ಅವಳ ಜೊತೆಗೆ ಹೇಳಿದ. ಕೊನೆಗೆ ಇಡೀ ಚರ್ಚು "ಆಮೆನ್" ಎಂದಾಗ ಕಿಟಕಿಯ ಗಾಜುಗಳು ನಡುಗಿದವು. ಇಷ್ಟು ಸಂತೋಷವನ್ನು ಕಂಡಕ್ಟರಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಆಗಲೇ ಅವಳು ನೋಡಿದ್ದು: ಕರಗಿದ ಮೇಣ ಅಜ್ಜಿಯ ಬೆರಳ ಮೇಲೆಲ್ಲ ಇಳಿದು ಗಟ್ಟಿಯಾಗಿತ್ತು.

"ಸುಟ್ಟಿತಾ ಅಜ್ಜಿ?"

"ಸುಡದೆ ಇರುತ್ತಾ?" ಎಂದಳು ಅಜ್ಜಿ, ಮೇಣ ಕಿತ್ತುಕೊಳ್ಳುತ್ತ. "ಮುಂದಿನ ವರ್ಷ ಎರಡು ಹೆಜ್ಜೆ ಹಿಂದೆ ನಿಂತು ಹಾಡು."