ಮೂರು ಟಗರಿನ ಆಟ

ಶಿಕಾರಿಪುರದ ಮೊಬೈಲ್ ಅಂಗಡಿಯ ರೇಣುಕಾಪ್ರಸಾದ್ ಹೊಸ ಗೇಮ್ ಯಂತ್ರವನ್ನು ಡಬ್ಬಿಯಿಂದ ತೆಗೆದು ಗಾಜಿನ ಮೇಲಿಟ್ಟ. ತೋರಿಸಿ ಎಂದು ಕೇಳಿದವಳು ಸಂಗೀತ. ಅವನು ನೋಡಿದ್ದು ಅವಳ ಅಣ್ಣ ವೀರೇಶನ ಮುಖ.

"ಮಗನಿಗಾ ಸರ್?"

"ನನಗೆ," ಎಂದಳು ಸಂಗೀತ.

ಅಂಗೈಯಲ್ಲಿ ಹಿಡಿದು ಆಡುವ ಯಂತ್ರ, ಮಾರುಕಟ್ಟೆಗೆ ಬಂದು ವಾರವೂ ಆಗಿಲ್ಲ. ಬೆಲೆ ಐವತ್ತು ಸಾವಿರ. ರೇಣುಕಾಪ್ರಸಾದ್ ವ್ಯಾಪಾರಿಯಾದರೂ ಸುಳ್ಳುಗಾರನಲ್ಲ.

"ಪರದೆ ಬಂಗಾರದಂಗೈತಿ ಮೇಡಂ. ಆದ್ರೆ ಚಾರ್ಜು ಬೇಗ ಖಾಲಿ. ಗೇಮಿಗೆ ಬ್ಯಾರೆ ದುಡ್ಡು. ಆರು ತಿಂಗಳು ತಡೀರಿ, ಬೆಲೆ ಇಳಿತೈತಿ."

ಪರದೆಯಲ್ಲಿ ಈಟಿ ಹಿಡಿದ ಹೆಣ್ಣೊಬ್ಬಳು ಕಡಿದಾದ ಬಂಡೆಯ ಅಂಚಿನಲ್ಲಿ ನಿಂತಿದ್ದಳು. ಸಂಗೀತ ಗುಂಡಿ ಒತ್ತಿದಳು. ಈಟಿಯವಳು ಹಾರಿದಳು. ಗಾಜು ಒಡೆದ ಮೊಬೈಲಿನಲ್ಲಿ ಬೆರಳು ತಿಕ್ಕಿ ತಿಕ್ಕಿ ಆಡಿದವಳು ಮತ್ತೊಮ್ಮೆ ಗುಂಡಿ ಒತ್ತಿದಳು.

"ಕೇಳಿದ್ಯಲ್ಲ? ನಡಿ ಇನ್ನ," ಎಂದ ವೀರೇಶ.

ತಮ್ಮೂರು ಉಡುತಡಿಗೆ ಮರಳಿದ ಮೇಲೆ, ಊಟಕ್ಕೆ ಕೂತಾಗ ಅವಳು ಹೇಳಿದಳು, "ನಾಳೆ ಸಂತೆಗೆ ನನ್ನ ಮೂರು ಟಗರು ಹೊಡ್ಕೊಂಡು ಹೋಗ್ತೀನಿ."

ಅಪ್ಪ ಉಜ್ಜಪ್ಪನ ಕೈಯಲ್ಲಿದ್ದ ಮುದ್ದೆ ಸಾರಿಗಿಳಿಯಲಿಲ್ಲ. ಮಗಳು ಹುಟ್ಟಿದಾಗ ಹಿಂಡಿನಲ್ಲಿ ಅವಳ ಹೆಸರಿಗೆ ಒಂದು ಹೆಣ್ಣು ಕುರಿಮರಿ ಬಿಡುವುದು ಆ ಮನೆಯ ಪದ್ಧತಿ. ಅದು ಈದದ್ದೆಲ್ಲ ಮಗಳದೇ. ಗುರುತಿಗೆ ಎಡಗಿವಿಯಲ್ಲಿ ಒಂದು ಸೀಳು. ಆದರೆ ಅದನ್ನು ಮಾರಿ ಇಷ್ಟಬಂದದ್ದು ಕೊಳ್ಳುತ್ತೇನೆಂದು ಯಾವ ಮಗಳೂ ಇದುವರೆಗೆ ಬಾಯಿಬಿಟ್ಟಿರಲಿಲ್ಲ.

"ಆ ಟಗರು ತೂಫಾನನ ಜೂಲಕ್ಕೆ, ಕೊಬ್ಬರಿ ಸರಕ್ಕೆ ಅಂತ ಆಗೈತಲ್ಲ," ಎಂದ ವೀರೇಶ.

ತೂಫಾನ್ ಅವನ ಹೋರಿ. ದೀಪಾವಳಿಯ ಹೋರಿ ಹಬ್ಬದಲ್ಲಿ ಬೆನ್ನಿಗೆ ಜೂಲದ ಬಟ್ಟೆ ಹೊದಿಸಿ, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸಲೆಂದು ಸೊರಬದ ಉಳವಿಯಿಂದ ಎರಡು ಲಕ್ಷ ಕೊಟ್ಟು ತಂದದ್ದು.

"ಯಾರನ್ನ ಕೇಳಿ ಆಗೈತಿ?"

"ಆಟದ ಸಾಮಾನಿಗೆ ಕುರಿ ಮಾರ್ತಾಳಂತೆ! ಅಂಗಡಿಯವನೇ ಹೇಳಿದ, ಈಗ ತಗೊಂಡ್ರೆ ದಂಡ ಅಂತ. ತಡೀಬೇಕು."

"ಹಬ್ಬ ಮುಗಿದ ಮ್ಯಾಲೆ ಹೋರಿ ರೇಟೂ ಇಳಿತೈತಿ. ನೀನು ಯಾಕೆ ತಡೀಲಿಲ್ಲ ಅಣ್ಣ?"

"ಹಬ್ಬದಾಗ ಓಡಿಸಾಕೆ ಬೇಕಲ್ಲೇ, ಹುಚ್ಚಿ!"

"ನನಗೂ ಈಗ ಆಡಾಕೆ ಬೇಕು."

"ಹೋರಿ ಅಂದ್ರೆ ಮನೆತನದ ಹೆಸರವ್ವ," ಎಂದ ಉಜ್ಜಪ್ಪ ಮೆತ್ತಗೆ.

"ಕಣ್ಣು ಮಿಟುಕಿಸೋದ್ರಾಗೆ ಅಖಾಡ ದಾಟಿ ಹೋಗತೈತಪ್ಪ ಆ ಹೆಸರು. ಅದರ ಹಿಂದೆ ಸಿಳ್ಳೆ ಹೊಡೆಯೋರು ಯಾರೂ ಲೆಕ್ಕ ಕೇಳಲ್ಲ. ನಾನು ಆಡ್ತೀನಿ ಅಂದ ಕೂಡ್ಲೆ ಊರಿಗೆಲ್ಲ ಗಣಿತ ನೆನಪಾಗತೈತಿ."

ಗಂಡಸು ಆಡಿದರೆ ಹಬ್ಬ, ಹೆಣ್ಣು ಆಡಿದರೆ ದುಂದು! ಬಿಸಿಲಲ್ಲಿ ಹಿಂಡು ಕಾಯುವುದು ಅವಳು, ಕಾಲು ಕೊಳೆತ ಕುರಿಗೆ ಔಷಧಿ ಹಚ್ಚುವುದು ಅವಳು. ಸಂತೋಷ ಹಂಚುವಾಗ ಮಾತ್ರ ಅವಳ ಸರದಿ ಆರು ತಿಂಗಳ ಆಚೆಗೆ. ತಟ್ಟೆ ಎತ್ತಿಕೊಂಡು ಸಂಗೀತ ಎದ್ದಳು.

ಬೆಳಿಗ್ಗೆ ಅವಳು ಹಗ್ಗ ಹಿಡಿದು ಬರುವಷ್ಟರಲ್ಲಿ ವೀರೇಶ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಿದ್ದ. ಮೂರರಲ್ಲಿ ದೊಡ್ಡ ಟಗರನ್ನು ಅವನಾಗಲೇ ತನ್ನ ಪಕ್ಕದ ಗೂಟಕ್ಕೆ ಬಿಗಿದು ಕಟ್ಟಿದ್ದ.

"ಅಪ್ಪ, ಕಿವಿ ನೋಡು," ಎಂದಳು ಸಂಗೀತ.

ಉಜ್ಜಪ್ಪ ನೋಡಬೇಕಾಗಿರಲಿಲ್ಲ. ಸೀಳು ಹಾಕಿದ ಕೈ ಅವನದೇ. ಬೇರೆಯವರ ಗುರುತಿನ ಕುರಿ ಅಡವಿಯಲ್ಲಿ ತಪ್ಪಿ ತನ್ನ ಹಿಂಡು ಸೇರಿದಾಗಲೆಲ್ಲ ಊರೂರು ಕೇಳಿ ಮುಟ್ಟಿಸಿ ಬಂದವನು ಅವನು. ಗುರುತು ಮೀರಿದ ಕುರಿಗಾರ ಕಳ್ಳನೇ, ಅದಕ್ಕೆ ಬೇರೆ ಮಾತಿಲ್ಲ.

"ಬಿಚ್ಚಲೇ ವೀರೇಶ."

"ಅಪ್ಪ, ಊರು ನಗತೈತಿ!"

"ನಗಲಿ. ಕಳ್ಳ ಅಂತ ಅನ್ನಬಾರ್ದು." ಮಗಳ ಕಡೆ ತಿರುಗಿದ. "ನನಗೇನೂ ಇದು ಸರಿ ಅನ್ನಿಸಿಲ್ಲ, ತಿಳೀತಾ?"

"ತಿಳೀತಪ್ಪ," ಎಂದು ಅವಳು ಹಗ್ಗ ತೆಗೆದುಕೊಂಡಳು.

ಸಂತೆಯಲ್ಲಿ ದಲ್ಲಾಳಿಗಳು "ಮನೆಯಾಗ ಗಂಡಸರಿಲ್ಲೇನು?" ಎಂದರು. "ಅದಾರೆ, ಹೋರಿ ಮೈ ತಿಕ್ತಾ ಅದಾರೆ," ಎಂದವಳು ತಾನು ಕೇಳಿದ ಬೆಲೆಗೇ ಮಾರಿದಳು.

ಆ ದುಡ್ಡಿಗೆ ಯಂತ್ರ ಕೊಂಡು ತಂದಳು. ರೇಣುಕಾಪ್ರಸಾದ್ ಹೇಳಿದ್ದು ನಿಜವಾಯಿತು. ಚಾರ್ಜು ನಿಲ್ಲಲಿಲ್ಲ, ಸಾಲದ್ದಕ್ಕೆ ಯಂತ್ರದ ಬೆನ್ನು ರೊಟ್ಟಿ ಹಂಚಿನಂತೆ ಕಾಯಿತು.

"ದುಬಾರಿ ಆತೋ ಇಲ್ಲೋ?" ವೀರೇಶ ಹಲ್ಲು ಕಿರಿದ.

"ಆತು. ಇಷ್ಟು ಬಾಳಲ್ಲ ಇದು."

ಜಗಳಕ್ಕೆಂದೇ ಬಂದಿದ್ದ ವೀರೇಶ ಯಂತ್ರದ ಕಡೆ ಗದ್ದ ಚಾಚಿದ.

"ಮತ್ತೆ?"

"ಮತ್ತೇನು? ನಂದು. ಆಡ್ತೀನಿ."

ಮರುದಿನ ಗೋಮಾಳದಲ್ಲಿ ಹಿಂಡು ಮೇಯುತ್ತಿತ್ತು. ದಾರಿಯಲ್ಲಿ ಹೊರಟಿದ್ದ ಪಕ್ಕದ ಹೊಲದ ಸದಾಶಿವಪ್ಪ, ಬಂಡೆಯ ಮೇಲೆ ಕೂತು ಆಡುತ್ತಿದ್ದ ಅವಳನ್ನು ಕಂಡು ಬಿಸಿಲಿಗೆ ಅಡ್ಡವಾಗಿ ಎದುರಿಗೇ ಬಂದು ನಿಂತ.

"ಏನವ್ವ, ಟಗರು ಮಾರಿ ತಂದಿದ್ದು ಇದೇನಾ? ಉಣ್ಣೆ ಕೊಡತೈತಾ ಇದು?"

ಸಂಗೀತ ತಲೆ ಎತ್ತಲಿಲ್ಲ.

"ಇಲ್ಲ ಕಾಕಾ. ನೀವು ಸ್ವಲ್ಪ ಅಲ್ಲೇ ನಿಲ್ರಿ. ನಿಮ್ಮ ನೆರಳಿಗೆ ಪರದೆ ಚಂದ ಕಾಣತೈತಿ."